ಶೇಕಡಾ ಲೆಕ್ಕಕ್ಕಿಂತ ಮೊದಲು ಕೇಳಬೇಕಾದ್ದು

ಅಮೆರಿಕದಲ್ಲಿರುವ ಕನ್ನಡದ ಅಪ್ಪ-ಅಮ್ಮಂದಿರು ವಿಶೇಷ ಶಿಕ್ಷಕಿಯಾದ ನನ್ನನ್ನು ಆಗಾಗ ಕೇಳುತ್ತಾರೆ: ‘ಮಗನಿಗೆ ಐಇಪಿ ಇದೆ. ಚಾರ್ಟರ್ ಶಾಲೆ ಸೇರಿಸಿಕೊಳ್ಳುತ್ತದಾ?’ ಐಇಪಿ ಎಂದರೆ ಅಂಗವೈಕಲ್ಯವಿರುವ ಮಗುವಿಗೆ ಶಾಲೆ ಕೊಡಬೇಕಾದ ವಿಶೇಷ ಸೇವೆಗಳನ್ನು ಬರೆದಿಟ್ಟ ಯೋಜನೆ. ಅಂಥ ಮಗುವನ್ನು ಸೇರಿಸಿಕೊಳ್ಳಲೇಬೇಕು. ಚಾರ್ಟರ್ ಎಂದರೆ ಖಾಸಗಿ ಶಾಲೆಯಲ್ಲ. ಸರ್ಕಾರದ ದುಡ್ಡಿನಲ್ಲಿ, ಫೀಸಿಲ್ಲದೆ, ಆದರೆ ತನ್ನದೇ ಆಡಳಿತದಲ್ಲಿ ನಡೆಯುವ ಶಾಲೆ. ಸೀಟು ಇದ್ದರೆ, ಅಥವಾ ಅರ್ಜಿಗಳು ಹೆಚ್ಚಾದಾಗ ಎತ್ತುವ ಲಾಟರಿಯಲ್ಲಿ ಹೆಸರು ಬಂದರೆ, ಅಂಗವೈಕಲ್ಯದ ಕಾರಣ ಹೇಳಿ ಬೇಡ ಎನ್ನುವಂತಿಲ್ಲ.

ಆದರೂ ಅಲ್ಲಿ ಇಂಥ ಮಕ್ಕಳು ಕಡಿಮೆ. 2009-10ರಲ್ಲಿ ಸಾಮಾನ್ಯ ಸರ್ಕಾರಿ ಶಾಲೆಗಳಲ್ಲಿ ಶೇ. 11ರಷ್ಟು ಅಂಗವಿಕಲ ಮಕ್ಕಳಿದ್ದರೆ, ಚಾರ್ಟರ್‌ಗಳಲ್ಲಿ ಶೇ. 8 ಮಾತ್ರ ಎಂದು ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2012ರಲ್ಲಿ ವರದಿ ಮಾಡಿತು.

ಇದಕ್ಕೆ ಕಾರಣ, ಚಾರ್ಟರ್‌ಗಳು ಇಂಥ ಮಕ್ಕಳನ್ನು ಹೊರಗೆ ಹಾಕುತ್ತವೆ ಅಂತಲೇ ಜಾಸ್ತಿ ಜನ ತಿಳಿದಿದ್ದಾರೆ. ‘ನಿಮ್ಮ ಮಗುವಿಗೆ ಈ ಶಾಲೆ ಹೊಂದುವುದಿಲ್ಲವೇನೋ’ ಎಂದು ನಯವಾಗಿ ಸಾಗಹಾಕುವುದು ಇದೆ, ಅದು ತಪ್ಪು ಕೂಡ. ಆದರೆ ವ್ಯತ್ಯಾಸ ಅದಕ್ಕೂ ಮುಂಚೆಯೇ ಶುರುವಾಗುತ್ತದೆ. ನ್ಯೂಯಾರ್ಕ್ ನಗರದ ಬಗ್ಗೆ 2013ರಲ್ಲಿ ಶಿಕ್ಷಣ ಸಂಶೋಧಕ ಮಾರ್ಕಸ್ ವಿಂಟರ್ಸ್ ಮಾಡಿದ ಅಧ್ಯಯನ ಇದನ್ನು ತೋರಿಸಿತು. ಆಟಿಸಂ ಅಥವಾ ಮಾತಿನ ತೊಂದರೆ ಇರುವ ಮಕ್ಕಳ ಮನೆಯವರು ಕಿಂಡರ್‌ಗಾರ್ಟನ್‌ಗೆ ಚಾರ್ಟರ್‌ಗಳಲ್ಲಿ ಅರ್ಜಿ ಹಾಕುವುದೇ ಕಡಿಮೆ. ಯಾಕೆ ಹಾಕುತ್ತಾರೆ ಹೇಳಿ? ಎಷ್ಟೋ ಮಕ್ಕಳಿಗೆ ಮೂರನೇ ವಯಸ್ಸಿನಿಂದಲೇ ಡಿಸ್ಟ್ರಿಕ್ಟ್, ಅಂದರೆ ಆ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ, ಥೆರಪಿ ಕೊಡುತ್ತಿರುತ್ತದೆ. ಕಷ್ಟಪಟ್ಟು ಸಿಕ್ಕಿದ್ದನ್ನು ಬಿಟ್ಟು ಬರಲು ಯಾರಿಗೂ ಧೈರ್ಯ ಬರುವುದಿಲ್ಲ.

ಇನ್ನೊಂದು ಕಾರಣ, ಚಾರ್ಟರ್‌ಗೆ ಸೇರಿದ ಮೇಲೆ ಮಗುವಿಗೆ ಹೊಸದಾಗಿ ಐಇಪಿ ಆಗುವುದು ಕಡಿಮೆ. ಕುರುಡುತನದ ಬಗ್ಗೆ ಅನುಮಾನ ಇರುವುದಿಲ್ಲ. ಕಲಿಕೆಯ ತೊಂದರೆ ಹಾಗಲ್ಲ, ಒಂದು ಶಾಲೆಗೆ ಕಂಡದ್ದು ಇನ್ನೊಂದಕ್ಕೆ ಕಾಣದೇ ಇರಬಹುದು. ಮೊದಲೇ ಓದಿನಲ್ಲಿ ಕೈಹಿಡಿದದ್ದರಿಂದ ಐಇಪಿ ಬೇಕಾಗಲಿಲ್ಲವೋ, ಅಥವಾ ತೊಂದರೆ ಇದೆಯೇ ಎಂದು ಪರೀಕ್ಷಿಸಲೇ ಇಲ್ಲವೋ? ಶೇಕಡಾ ಲೆಕ್ಕ ಅದನ್ನು ಹೇಳುವುದಿಲ್ಲ. ಟೆಕ್ಸಾಸ್ ಇದಕ್ಕೆ ಕಹಿ ಸಾಕ್ಷಿ. ಅಲ್ಲಿನ ಶಿಕ್ಷಣ ಇಲಾಖೆ 2004ರಿಂದ ವಿಶೇಷ ಶಿಕ್ಷಣ ಪಡೆಯುವ ಮಕ್ಕಳ ಪ್ರಮಾಣಕ್ಕೆ ಶೇ. 8.5 ಎಂಬ ಗುರಿ ಇಟ್ಟುಕೊಂಡು ಡಿಸ್ಟ್ರಿಕ್ಟ್‌ಗಳ ಮೇಲೆ ಕಣ್ಣಿಟ್ಟಿತ್ತು. ಸಂಖ್ಯೆ ಇಳಿಯಿತು, ಸಹಾಯ ಬೇಕಿದ್ದ ಮಕ್ಕಳು ಹಾಗೇ ಉಳಿದರು. ಇದು ಕಾನೂನು ಉಲ್ಲಂಘನೆ ಎಂದು ಕೇಂದ್ರ ಸರ್ಕಾರ 2018ರಲ್ಲಿ ಹೇಳಿತು.

ಹಾಗಾಗಿ ಶೇಕಡಾ ಎಷ್ಟು ಎನ್ನುವುದಕ್ಕಿಂತ ಯಾವ ಮಕ್ಕಳು ಎಂದು ಕೇಳಬೇಕು. ಮಾತಿನ ಥೆರಪಿ ವಾರಕ್ಕೆ ಅರ್ಧ ಗಂಟೆ ಸಾಕಾಗುವ ಮಗು, ದಿನವಿಡೀ ಸಹಾಯಕಿ ಬೇಕಾದ ಮಗು, ಲೆಕ್ಕದಲ್ಲಿ ಎರಡೂ ಒಂದೇ. ಖರ್ಚಿನಲ್ಲಿ ಅಜಗಜಾಂತರ. ಡಿಸ್ಟ್ರಿಕ್ಟ್ ಆ ಖರ್ಚನ್ನು ಹತ್ತಾರು ಶಾಲೆಗಳ ಮೇಲೆ ಹರಡುತ್ತದೆ. ಕಾನೂನಿನ ಲೆಕ್ಕದಲ್ಲಿ ತಾನೇ ಒಂದು ಡಿಸ್ಟ್ರಿಕ್ಟ್ ಎನಿಸಿಕೊಂಡ ಸಣ್ಣ ಚಾರ್ಟರ್‌ಗೆ ಆ ಅನುಕೂಲ ಇಲ್ಲ. ಇದು ನಿಜವಾದ ಕಷ್ಟ, ಒಪ್ಪುತ್ತೇನೆ. ಆದರೆ ಅದರ ಬೆಲೆಯನ್ನು ಮಗು ತೆರಬಾರದು.

ಶಾಲೆ ನೋಡಲು ಹೋದಾಗ, ಐಇಪಿಯ ಹೊಣೆ ನಿಮ್ಮದೋ ಡಿಸ್ಟ್ರಿಕ್ಟ್‌ನದೋ ಎಂದು ಮೊದಲು ಕೇಳಿ. ಥೆರಪಿಸ್ಟ್ ವಾರಕ್ಕೆ ಎಷ್ಟು ದಿನ ಬರುತ್ತಾರೆ ಎಂದೂ ಕೇಳಿ. ಅದೇ ರಾಜ್ಯದೊಳಗೆ ವರ್ಷದ ಮಧ್ಯೆ ಶಾಲೆ ಬದಲಿಸಿದರೆ, ಹೊಸ ಐಇಪಿ ಆಗುವವರೆಗೆ ಹಳೆಯದಕ್ಕೆ ಸರಿಸಮನಾದ ಸೇವೆ ಕೊಡಲೇಬೇಕು. ಸೇರಿದ ಮೇಲೆ ‘ಆ ಸೇವೆ ನಮ್ಮಲ್ಲಿಲ್ಲ’ ಎಂದರೆ ಸುಮ್ನೆ ವಾಪಸ್ ಬರಬೇಡಿ. ನಿರಾಕರಣೆಯನ್ನೂ ಅದರ ಕಾರಣವನ್ನೂ ಬರಹದಲ್ಲಿ ಕೊಡುವುದು ಅಂಗವಿಕಲ ಮಕ್ಕಳ ಶಿಕ್ಷಣದ ಕೇಂದ್ರ ಕಾನೂನಾದ ಐಡಿಇಎ ಪ್ರಕಾರ ಶಾಲೆಯ ಕರ್ತವ್ಯ.