ನಾಲ್ಕು ದಿನದ ನರಳಾಟ ಮುಗಿದ ಮೇಲೆ

1981ರಲ್ಲಿ ಬಂದ ಜರ್ಮನ್ ಚಿತ್ರ ‘ಕ್ರಿಸ್ಟಿಯಾನೆ ಎಫ್.’ ನೋಡಿದವರಿಗೆ ಒಂದು ದೃಶ್ಯ ಮರೆಯುವುದಿಲ್ಲ. ಹೆರಾಯಿನ್ ಬಿಟ್ಟೇಬಿಡೋಣ ಎಂದು ಹದಿಹರೆಯದ ಕ್ರಿಸ್ಟಿಯಾನೆ ಮತ್ತು ಅವಳ ಗೆಳೆಯ ಡೆಟ್ಲೆಫ್ ಕೋಣೆ ಸೇರುತ್ತಾರೆ. ಬೆವರು, ನಡುಕ, ಕರುಳು ಕಿತ್ತು ಬರುವಂಥ ವಾಂತಿ. ನಿರ್ದೇಶಕ ಉಲಿ ಎಡೆಲ್ ನಮಗೆ ಮುಖ ತಿರುಗಿಸಲು ಅವಕಾಶವನ್ನೇ ಕೊಡುವುದಿಲ್ಲ.

ವ್ಯಸನ ಚಿಕಿತ್ಸೆ ಮಾಡುವ ನಾನು ಗಮನಿಸುವುದು ಅದರ ಮುಂದಿನ ಭಾಗವನ್ನು. ನರಳಾಟ ಮುಗಿಯುತ್ತದೆ, ಗೆದ್ದೆವು ಎಂಬ ಹುರುಪಿನಲ್ಲಿ ಇಬ್ಬರೂ ಪಶ್ಚಿಮ ಬರ್ಲಿನ್ನಿನ ಝೂ ರೈಲು ನಿಲ್ದಾಣಕ್ಕೆ ಮರಳುತ್ತಾರೆ. ಅಲ್ಲಿ ಅದೇ ಗೆಳೆಯರು, ಅದೇ ಪುಡಿ. ಮತ್ತೆ ಶುರು.

“ಡಾಕ್ಟ್ರೇ, ನಾಲ್ಕು ದಿನ ರೂಮಲ್ಲಿ ಕೂಡಿಹಾಕಿದ್ವಿ. ಒದ್ದಾಡಿದ, ಅತ್ತ. ಈಗ ಚೆನ್ನಾಗಿ ಊಟ ಮಾಡ್ತಿದ್ದಾನೆ. ಇನ್ಯಾಕೆ ಔಷಧಿ?” ಎಂದು ಕೇಳುವ ಅಪ್ಪ ಅಮ್ಮಂದಿರಿಗೆ ಈ ಭಾಗವನ್ನೇ ತೋರಿಸಬೇಕು ಅನಿಸುತ್ತದೆ.

ಹೆರಾಯಿನ್ ನಿಲ್ಲಿಸಿದ ಆರರಿಂದ ಹನ್ನೆರಡು ಗಂಟೆಯೊಳಗೆ ಶುರುವಾಗುವುದು ನೆಗಡಿಯಂತೆ: ಮೂಗು ಸೋರುವುದು, ಮೇಲಿಂದ ಮೇಲೆ ಆಕಳಿಕೆ. ಆಮೇಲೆ ಮೈ ಜುಮ್ಮೆನ್ನುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಭೇದಿ, ಮೂಳೆನೋವು. ಎರಡು ಮೂರನೇ ದಿನ ವಿಪರೀತ, ವಾರದ ಹೊತ್ತಿಗೆ ತಗ್ಗುತ್ತದೆ. (ಕುಡಿತವನ್ನು ಹೀಗೆ ಒಮ್ಮೆಲೇ ಬಿಡಿಸುವುದು ಇನ್ನೂ ಅಪಾಯ, ಫಿಟ್ಸ್ ಬಂದು ಜೀವವೇ ಹೋಗಬಹುದು.) ದೇಹ ಮಾದಕವಿಲ್ಲದೆ ಇರಲು ಕಲಿತಿತು, ಅಷ್ಟೆ. ಬೇಕೆಂಬ ಹಂಬಲ ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ, ಹಳೆಯ ಗಲ್ಲಿ, ಹಳೆಯ ಸ್ನೇಹಿತನ ಫೋನ್ ಸಾಕು ಕೆರಳಲು.

ಅಸಲಿ ಗಂಡಾಂತರ ಇರುವುದೂ ಇಲ್ಲೇ. ಬಿಟ್ಟಿದ್ದ ದಿನಗಳಲ್ಲಿ ಮಾದಕವನ್ನು ತಡೆದುಕೊಳ್ಳುವ ದೇಹದ ಶಕ್ತಿ ಕುಸಿದಿರುತ್ತದೆ. ಹುಡುಗನಿಗೆ ನೆನಪಿರುವುದು ಹಳೆಯ ಪ್ರಮಾಣ. ಅದನ್ನೇ ತೆಗೆದುಕೊಂಡರೆ ಉಸಿರಾಟ ನಿಧಾನವಾಗಿ ನಿಂತೇಹೋಗಬಹುದು. ಕೂಡಿಹಾಕಿ ಬಿಡಿಸಿ, ಆಮೇಲೆ ಸುಮ್ಮನಾಗುವುದನ್ನು ನಾನು ಒಪ್ಪದಿರುವುದು ಇದಕ್ಕೇ. ಮಾತ್ರೆಗಳನ್ನು ಅರೆದು ಚುಚ್ಚಿಕೊಳ್ಳುವ ನಮ್ಮ ಊರುಗಳ ಹುಡುಗರಿಗೂ, ಆ ಮಾತ್ರೆ ನೋವಿಗೆ ಕೊಡುವ ಟಪೆಂಟಡಾಲ್‌ನಂತೆ, ಹೆರಾಯಿನ್‌ನದೇ ಅಫೀಮು ಜಾತಿಯದಾಗಿದ್ದರೆ, ಇದೇ ಲೆಕ್ಕ.

ನಾಲಿಗೆಯ ಕೆಳಗೆ ಕರಗಿಸುವ ಬುಪ್ರೆನಾರ್ಫಿನ್ ಎಂಬ, ಅಫೀಮು ಜಾತಿಯದೇ ಆದ ಔಷಧಿ ಹಂಬಲವನ್ನು ತಗ್ಗಿಸುತ್ತದೆ, ಸಾವಿನ ಅಪಾಯವನ್ನೂ. “ಒಂದು ಚಟ ಬಿಡಿಸಿ ಇನ್ನೊಂದು ಅಂಟಿಸ್ತೀರಾ?” ಎನ್ನುವವರುಂಟು. ಸಕ್ಕರೆ ಕಾಯಿಲೆಗೆ ದಿನಾ ಮಾತ್ರೆ ನುಂಗುವವರನ್ನು ಯಾರೂ ಹಾಗೆ ಕೇಳುವುದಿಲ್ಲ. ಹದಿನೆಂಟು ತುಂಬದವರಿಗೆ ಕೊಡಬೇಕೇ, ಎಷ್ಟು ಕಾಲ ಎಂಬುದನ್ನು ಮಾತ್ರ ತಜ್ಞರೇ ನೋಡಿ ತೀರ್ಮಾನಿಸಬೇಕು.

ಚಿತ್ರದ ಕೊನೆಯಲ್ಲಿ ಕ್ರಿಸ್ಟಿಯಾನೆ ಅಜ್ಜಿಯ ಊರು ಸೇರಿ ಪಾರಾದಳು ಎಂಬ ಸಮಾಧಾನ ಸಿಗುತ್ತದೆ. ಚಿತ್ರಕ್ಕೆ ಆಧಾರವಾದ ನಿಜ ಜೀವನದ ಕ್ರಿಸ್ಟಿಯಾನೆ 2013ರಲ್ಲಿ ಎರಡನೇ ಆತ್ಮಕಥೆ ತಂದಾಗ ಆಕೆಗೆ ಐವತ್ತು ದಾಟಿತ್ತು. ನಡುವೆ ಮತ್ತೆ ಮತ್ತೆ ಚಟಕ್ಕೆ ಜಾರಿದ್ದು, ಹೆರಾಯಿನ್‌ಗೆ ಬದಲಾಗಿ ಕೊಡುವ ಮೆಥಡೋನ್ ಔಷಧಿಯ ಚಿಕಿತ್ಸೆ, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಗೆಳತಿ ಬಾಬ್ಸಿ ಹದಿನಾಲ್ಕನೇ ವಯಸ್ಸಿಗೇ ತೀರಿಕೊಂಡಿದ್ದಳು.

ಮನೆಯವರನ್ನು ಆಸ್ಪತ್ರೆಯಿಂದ ದೂರವಿಡುವ ಇನ್ನೊಂದು ಸಂಗತಿ ಪೊಲೀಸರ ಭಯ. ವ್ಯಸನಿ ತಾನಾಗಿಯೇ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಬಂದರೆ, ಸೇವನೆ ಮತ್ತು ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ಮಾದಕವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 14446ಕ್ಕೆ ಕರೆ ಮಾಡಿ, ಅದು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ.