ಕ್ಯಾಥೆಟರ್ ಗಾಯ: ಸಾಧನ ಸುಧಾರಿಸಿತು, ಕಲಿಕೆ ಹಿಂದುಳಿಯಿತು

ಶಸ್ತ್ರಚಿಕಿತ್ಸೆಗೆ ಬಂದ ರೋಗಿಗೆ ಮೂತ್ರದ ಕ್ಯಾಥೆಟರ್, ಅಂದರೆ ಮೂತ್ರಕೋಶದಿಂದ ಮೂತ್ರ ಹೊರಹರಿಸುವ ನಳಿಗೆ, ಹಾಕುವುದು ಆಸ್ಪತ್ರೆಗಳಲ್ಲಿ ದಿನನಿತ್ಯದ ಕೆಲಸ. ಆ ಕಾರಣಕ್ಕೇ ಇರಬೇಕು, ಅದರಿಂದಾಗುವ ಮೂತ್ರನಾಳದ ಗಾಯವನ್ನು ರೋಗಿಯ ದುರದೃಷ್ಟವೆಂದು ತಳ್ಳಿಹಾಕುವುದೂ ಸುಲಭವಾಗಿದೆ.

ಲೋಹದ ಬಿರುಸು ನಳಿಗೆಗಳ ಜಾಗಕ್ಕೆ ಮೆತ್ತನೆಯ ರಬ್ಬರನ್ನು ತಂದವರು 19ನೆಯ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಆಗಸ್ಟ್ ನೆಲಟಾನ್. ಆಗಲೂ ಕ್ಯಾಥೆಟರ್ ಜಾರದಂತೆ ಕಟ್ಟಿಯೋ ಅಂಟಿಸಿಯೋ ಇಡಬೇಕಿತ್ತು. 1930ರ ದಶಕದಲ್ಲಿ ಅಮೆರಿಕದ ಫ್ರೆಡರಿಕ್ ಫೋಲಿ ಮೂತ್ರಕೋಶದೊಳಗೆ ನೀರು ತುಂಬಿ ಉಬ್ಬಿಸುವ ಬಲೂನೊಂದನ್ನು ತುದಿಗೆ ಸೇರಿಸಿ ಆ ತೊಡಕನ್ನು ಬಿಡಿಸಿದರು. ಇಂದಿನ ಗಾಯಗಳಲ್ಲಿ ಹಲವಕ್ಕೆ ಕಾರಣವೂ ಆ ಬಲೂನೇ.

16 ನಂಬರಿನ ಕ್ಯಾಥೆಟರ್ ಸುಮಾರು 5.3 ಮಿ.ಮೀ. ದಪ್ಪವಿದ್ದರೆ, 10 ಮಿ.ಲೀ. ನೀರು ತುಂಬಿದ ಅದರ ಬಲೂನು 2.5 ಸೆಂ.ಮೀ.ಗೂ ಅಗಲ. ಮೂತ್ರಕೋಶದಲ್ಲಿ ಅದಕ್ಕೆ ಜಾಗವುಂಟು, ಮೂತ್ರನಾಳದಲ್ಲಿಲ್ಲ. ಹೆಂಗಸರಲ್ಲಿ ಈ ನಾಳ ಸುಮಾರು 4 ಸೆಂ.ಮೀ. ಉದ್ದ, ಗಂಡಸರಲ್ಲಿ ಸುಮಾರು 20 ಸೆಂ.ಮೀ., ಅದೂ ಡೊಂಕು, ವಯಸ್ಸಾದವರಲ್ಲಿ ದಪ್ಪಗಾದ ಪ್ರಾಸ್ಟೇಟ್ ಗ್ರಂಥಿಯ ಒತ್ತಡ ಬೇರೆ. ಅರ್ಧ ದಾರಿಯಲ್ಲೇ ಮೂತ್ರಕೋಶ ಮುಟ್ಟಿತೆಂದು ಬಗೆದು ನೀರು ತುಂಬಿದರೆ ನಾಳ ಹರಿದು ರಕ್ತ ಬರುತ್ತದೆ. ಗಾಯ ಮಾಯುವಾಗ ನಾಳ ಕಿರಿದಾಗಿ, ರೋಗಿ ವರ್ಷಗಟ್ಟಲೆ ಮೂತ್ರ ಮಾಡಲು ತಿಣುಕಬೇಕಾಗಬಹುದು. ಎಚ್ಚರವಿರುವವನು ನೋವಿಗೆ ಕೂಗಿಕೊಂಡಾನು, ಅರಿವಳಿಕೆಯಲ್ಲಿರುವವನು ಕೂಗಲಾರ.

ತಡೆಯುವ ವಿಧಾನವೇನೂ ಗಹನವಲ್ಲ. ನಳಿಗೆ ಸಲೀಸಾಗಿ ಜಾರಲು ಜೆಲ್ಲಿಯನ್ನು ಧಾರಾಳವಾಗಿ ಬಳಸಿ, ಗಂಡಸರಿಗೆ ಕ್ಯಾಥೆಟರನ್ನು ಅದರ ಹೊರತುದಿ ಕವಲೊಡೆಯುವ ಜಾಗದವರೆಗೂ ತೂರಿಸಿ, ಮೂತ್ರ ಬಂದದ್ದನ್ನು ಕಣ್ಣಾರೆ ಕಂಡ ಮೇಲೆಯೇ ನೀರು ತುಂಬಬೇಕು. ಜೆಲ್ಲಿ ಅಡ್ಡಬಂದು ಮೂತ್ರ ತಡವಾಗುವುದುಂಟು. ಆಗ ಕಾಯುವ ತಾಳ್ಮೆಯನ್ನೂ ಕಲಿಸಬೇಕು. ತಡೆ ಸಿಕ್ಕರೆ ಬಲ ಹಾಕದೆ ಮೂತ್ರರೋಗಗಳ ತಜ್ಞರಾದ ಯೂರಾಲಜಿಸ್ಟರನ್ನು ಕರೆಯಬೇಕು. ಇಂಥ ತರಬೇತಿ ನರ್ಸುಗಳಿಗೆ ದೊರೆತಾಗ ಗಾಯದ ಪ್ರಮಾಣ ಸಾವಿರ ಪುರುಷ ರೋಗಿಗಳಿಗೆ 3.2ರಿಂದ 0.7ಕ್ಕೆ ಇಳಿಯಿತೆಂದು ಸ್ಯಾನ್ ಡಿಯಾಗೋದ ವೈದ್ಯರು 2008ರಲ್ಲಿ ಪ್ರಕಟಿಸಿದರು.

ಗೋವಾದ ಕನ್ನಡಿಗರ ಮಟ್ಟಿಗೆ ಇದರಲ್ಲಿ ಮಾತಿನ ತೊಡಕೂ ಸೇರಿದೆ. ಬಾಂಬೋಳಿಯ ಸರಕಾರಿ ಆಸ್ಪತ್ರೆಗೆ ಕಾರವಾರದ ಕಡೆಯವರೂ ವಾಸ್ಕೋದಲ್ಲಿ ದುಡಿಯುವ ಉತ್ತರ ಕರ್ನಾಟಕದವರೂ ಹೋಗುತ್ತಾರೆ. ಬಲೂನಿಗೆ ನೀರು ತುಂಬುವಾಗ "ಭಾಳ ನೋಯ್ತದ್ರೀ ಸಿಸ್ಟರ್, ನಿಲ್ಲಸ್ರೀ" ಎಂದು ರೋಗಿ ಹೇಳಿದರೆ, ಕೊಂಕಣಿ ಮಾತಾಡುವ ನರ್ಸಿಗೆ ಅದು ಅರ್ಥವಾಗಬೇಕು, ಏಕೆಂದರೆ ಕೈ ತಡೆಯಬೇಕಾದ ಗಳಿಗೆ ಅದೇ. ಇಂಥ ನಾಲ್ಕಾರು ಮಾತುಗಳು ಪಾಠದಲ್ಲಿ ಸೇರಿದರೆ ಖರ್ಚೇನೂ ಇಲ್ಲ. ಅನೇಕ ಆಸ್ಪತ್ರೆಗಳಲ್ಲಿ ಗಂಡಸರಿಗೆ ಕ್ಯಾಥೆಟರ್ ಹಾಕುವ ಕೆಲಸ ಇಂಟರ್ನ್‌ಗಳಿಗೋ ವಾರ್ಡ್‌ಬಾಯ್‌ಗಳಿಗೋ ಬೀಳುವುದರಿಂದ, ಅವರನ್ನೂ ಅದೇ ತರಬೇತಿಗೆ ಕೂರಿಸಬೇಕಾಗುತ್ತದೆ.