ಅಡ್ವಾನ್ಸ್ ಅಂದರೆ ನೆರವಲ್ಲ

ಕಾಫಿ ಕುಯ್ಲು ಮುಗಿಯುವ ಹೊತ್ತಿಗೆ ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯ ಸ್ನಾತಕೋತ್ತರ) ಓದುವ ಮಕ್ಕಳು ಪ್ರಬಂಧದ ಕರಡು ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ಹಾಗೆ ಬಂದ ಒಬ್ಬ ಹುಡುಗ ದಕ್ಷಿಣ ಕೊಡಗಿನ ಒಂದು ತೋಟದ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲು ಮನೆಗಳಲ್ಲಿ, ಹನ್ನೆರಡು ಜನರನ್ನು ಮಾತಾಡಿಸಿದ್ದ. ಯಾವ ತೋಟ ಅಂತ ಹೇಳುವುದಿಲ್ಲ, ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಎರಡೇ ದಿನದಲ್ಲಿ ಹನ್ನೆರಡೂ ಸಂದರ್ಶನಗಳ ಸಾರಾಂಶ ತಯಾರಾಗಿತ್ತು. ಚಾಟ್‌ಜಿಪಿಟಿಗೆ ಹಾಕಿದ್ದಾನೆ ಅಂತ ಓದುವಾಗಲೇ ಗೊತ್ತಾಯಿತು. ಲೈನ್ ಮನೆ ಅಲ್ಲಿ 'ರೋ ಹೌಸ್' ಆಗಿತ್ತು, ಬೆಂಗಳೂರಿನಲ್ಲಿ ಕೋಟಿಗೆ ಮಾರುತ್ತಾರಲ್ಲ, ಅದು! ಇದಕ್ಕೆ ನಕ್ಕು ಸುಮ್ನಾಗಬಹುದು. ಆದರೆ ಇನ್ನೊಂದು ಸಾಲು ಹೀಗಿತ್ತು: 'ಮಾಲೀಕರು ಕುಟುಂಬಕ್ಕೆ ಆರ್ಥಿಕ ನೆರವು ನೀಡಿದ್ದಾರೆ.'

ರೆಕಾರ್ಡಿಂಗ್ ಹಾಕಿಸಿ ಕೇಳಿದೆ. ಆ ಕುಟುಂಬದ ಹೆಂಗಸು ಹೇಳಿದ್ದು ಇಷ್ಟು: 'ಮಗಳ ಮದ್ವೆಗೆ ಅಡ್ವಾನ್ಸ್ ತಕೊಂಡದ್ದು. ಅದು ತೀರ್ಲಿಲ್ಲ. ಬೇರೆ ತೋಟಕ್ಕೆ ಹೇಗೆ ಹೋಗುದು?'

1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಕಣ್ಣಿಡುವುದೇ ಇಂಥ ಮುಂಗಡದ ಮೇಲೆ. ದುಡ್ಡು ತೆಗೆದುಕೊಂಡ ಮೇಲೆ ಬೇರೆ ಕಡೆ ದುಡಿಯಲು ಹೋಗುವ ಸ್ವಾತಂತ್ರ್ಯ ಉಳಿಯಿತಾ ಅಂತ ಅದು ಕೇಳುತ್ತದೆ. ಇದು ಜೀತವೇ ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಇನ್ನೂ ಹತ್ತು ಪ್ರಶ್ನೆ ಕೇಳಬೇಕು. ಸಾರಾಂಶದಲ್ಲಿ ಆ ಹತ್ತು ಪ್ರಶ್ನೆಗಳಿಗೆ ಜಾಗವೇ ಇರಲಿಲ್ಲ. ಹುಡುಗನ ಪ್ರಬಂಧದಲ್ಲಿದ್ದ ಒಂದೇ ಒಂದು ಗಟ್ಟಿ ವಿಷಯ ಹಾಗೇ ನುಣ್ಣಗಾಗಿ ಹೋಗಿತ್ತು.

'ಹೆಸರೆಲ್ಲ ತೆಗೆದೇ ಹಾಕಿದ್ದೆ ಮೇಡಂ' ಅಂದ. ಹೌದು, ತೆಗೆದಿದ್ದ. ಆದರೆ ಯರವ ಬುಡಕಟ್ಟು ಸಮುದಾಯದ ವಿಧವೆ, ಮಗಳು ನರ್ಸಿಂಗ್ ಓದಿದವಳು, ಮನೆ ಇಂಥ ಹೊಳೆಯ ಪಕ್ಕದ ತೋಟದಲ್ಲಿ, ಇಷ್ಟೂ ಉಳಿದಿತ್ತು. ಹದಿನೈದು ಮನೆಗಳ ಲೈನಿನಲ್ಲಿ ಇಂಥವರು ಎಷ್ಟು ಜನ ಇರುತ್ತಾರೆ? ಶುಕ್ರವಾರ ಮಡಿಕೇರಿ ಸಂತೆಯಲ್ಲಿ ಯಾರನ್ನಾದರೂ ಕೇಳಿದರೆ ಮನೆವರೆಗೆ ದಾರಿ ಹೇಳುತ್ತಾರೆ. ಕೊಡಗು ಸಣ್ಣ ಊರು. ಇಲ್ಲಿ ಹೆಸರು ಮುಚ್ಚಿದರೂ ಮುಖ ಕಾಣುತ್ತದೆ.

ಹಾಗಂತ ಚಾಟ್‌ಬಾಟ್ ಮುಟ್ಟಲೇಬೇಡಿ ಅನ್ನುವವರ ಗುಂಪಿಗೆ ನಾನು ಸೇರಿದವಳಲ್ಲ. ಪ್ರಶ್ನಾವಳಿ ತಿದ್ದಲು ದಿನಾ ಬಳಸುತ್ತೇನೆ. 'ನೀವು ಕುಡಿಯುತ್ತೀರಾ, ಎಲೆ ಅಡಿಕೆ ಹಾಕುತ್ತೀರಾ?' ಅಂತ ಎರಡು ಪ್ರಶ್ನೆಯನ್ನು ಒಂದರಲ್ಲೇ ತುರುಕಿದ್ದರೆ ಟಕ್ಕನೆ ಹಿಡಿದು ಕೊಡುತ್ತದೆ. ಆದರೆ 'ತಿಂಗಳ ಆದಾಯ ಎಷ್ಟು?' ಅನ್ನುವ ಪ್ರಶ್ನೆಯನ್ನು ತಪ್ಪಿಲ್ಲ ಅಂತ ಬಿಟ್ಟುಬಿಟ್ಟಿತು. ವಾರದ ಬಟವಾಡೆಯಲ್ಲಿ ಬದುಕುವವರಿಗೆ, ಕುಯ್ಲಿನಲ್ಲಿ ಕಿಲೋ ಲೆಕ್ಕದಲ್ಲಿ ಕೂಲಿ ಎಣಿಸುವವರಿಗೆ ತಿಂಗಳ ಆದಾಯ ಅಂದರೆ ಏನು? ಅದನ್ನು ನಾವೇ ತಿದ್ದಬೇಕು. ಇನ್ನು ಅದು ಕೊಡುವ ಪುಸ್ತಕಗಳ ಪಟ್ಟಿ ಸಿಕ್ಕರೆ, ಒಂದೊಂದನ್ನೂ ಲೈಬ್ರರಿಯಲ್ಲಿ ಕಣ್ಣಾರೆ ನೋಡದೆ ಬರೆಯಬೇಡಿ. ಇಲ್ಲದ ಪುಸ್ತಕಕ್ಕೂ ಪುಟಸಂಖ್ಯೆ ಕೊಡುವ ಗಿರಾಕಿ ಅದು.

ನಿಜವಾದ ತೊಡಕು ಒಪ್ಪಿಗೆಯದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸಂಶೋಧನೆಗೆ ಷರತ್ತಿನ ಮೇಲೆ ವಿನಾಯಿತಿ ಇದೆ. ಅದನ್ನೇ ಹಿಡಿದುಕೊಂಡು ವಾದಿಸುವ ಸಹೋದ್ಯೋಗಿಗಳೂ ಇದ್ದಾರೆ. ಇರಲಿ. ನಮ್ಮ ಒಪ್ಪಿಗೆ ಪತ್ರದಲ್ಲಿ 'ನಿಮ್ಮ ಮಾತನ್ನು ಪ್ರಬಂಧಕ್ಕೆ ಮಾತ್ರ ಬಳಸುತ್ತೇವೆ' ಅಂತ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡಿದ್ದೆವು. ಯಾವುದೋ ದೇಶದ ಕಂಪನಿಯ ಸರ್ವರಿಗೆ ಕಳಿಸುತ್ತೇವೆ ಅಂತ ಹೇಳಿರಲಿಲ್ಲ ಅಲ್ವಾ?

ಹುಡುಗನ ಚಾಟ್‌ಗಳನ್ನು ಅಳಿಸಿಸಿ, ಅವನ ಜೊತೆ ನಾನೂ ಆ ಹೆಂಗಸಿನ ಮನೆಗೆ ಹೋದೆ. ಆಕೆ ಬೆಲ್ಲದ ಕಾಫಿ ಕೊಟ್ಟರು. ಆದದ್ದನ್ನು ಮುಚ್ಚುಮರೆ ಇಲ್ಲದೆ ಹೇಳಿದೆವು. ನಿಮ್ಮ ಮಾತನ್ನು ಒಂದು ಕಂಪ್ಯೂಟರಿಗೆ ಕೊಟ್ಟಿದ್ದೆವು, ಅದು ದೂರದಲ್ಲಿದೆ, ಓದಿ ಬರೆದುಕೊಡುತ್ತದೆ, ನಿಮ್ಮನ್ನು ಕೇಳದೆ ಕೊಟ್ಟದ್ದು ತಪ್ಪು ಅಂತ. ಆಕೆ ಕೇಳಿದ್ದು ಒಂದೇ ಮಾತು.

'ಅದು ಸಾವ್ಕಾರ್ರಿಗೆ ಹೇಳ್ತದಾ?'

ಇಲ್ಲ ಅನ್ನಲು ಹುಡುಗ ಬಾಯಿ ತೆರೆದ, ನನ್ನ ಮುಖ ನೋಡಿ ಸುಮ್ಮನಾದ. ಸಂದರ್ಶನಗಳನ್ನೆಲ್ಲ ಅವನು ಮತ್ತೆ ಇಯರ್‌ಫೋನ್ ಹಾಕಿಕೊಂಡು ಕೇಳಿ ಕೈಯಲ್ಲೇ ಬರೆದ. ಮೂರು ವಾರ ಹಿಡಿಯಿತು.